ಶ್ರೀರಂಗಪಟ್ಟಣಕ್ಕೆ ಬಂದ ಸ್ವಿಸ್ ಬಂದೂಕು

ಸ್ವಿಟ್ಜರ್ಲೆಂಡ್ ಅಂದ್ರೆ ನಮಗೆ ಏನು ನೆನಪಾಗುತ್ತೆ? ಹಿಮದಲ್ಲಿ ತೆಳು ಸೀರೆ ಉಟ್ಟು ಕುಣಿಯೋ ನಾಯಕಿ, ಚಾಕೊಲೇಟು, ವಾಚು. ಚುನಾವಣೆ ಬಂತು ಅಂದ್ರೆ ನಮ್ಮ ಸ್ಟುಡಿಯೋದಲ್ಲೇ ಗಂಟೆಗಟ್ಟಲೆ ಚರ್ಚೆಯಾಗೋ ಕಪ್ಪುಹಣ. ಕರ್ನಾಟಕದೊಳಗೆ ಅಂಥ ನಾಲ್ಕು ದೇಶ ಹಿಡಿಸುತ್ತವೆ. ಯಾರ ಜಗಳಕ್ಕೂ ಹೋಗದ ದೇಶ ಅನ್ನೋ ಹೆಸರು ಬೇರೆ.

ಹಾಗಾದ್ರೆ 1799ರ ಮೇ 4ರಂದು ಟಿಪ್ಪುವಿನ ಕೋಟೆಗೆ ಲಗ್ಗೆ ಹಾಕಿದವರಲ್ಲಿ ಸ್ವಿಸ್ ಸೈನಿಕರು ಯಾಕಿದ್ದರು?

ಹೊಟ್ಟೆಪಾಡು ಸ್ವಾಮಿ, ಹೊಟ್ಟೆಪಾಡು. ಆ ಬೆಟ್ಟಗಳಲ್ಲಿ ಹಸು ಮೇಯಿಸಬಹುದು, ಚೀಸ್ ಮಾಡಬಹುದು. ಎಲ್ಲರಿಗೂ ಸಾಲುವಷ್ಟು ಬೆಳೆ ಬರಲ್ಲ. ಹಾಗಾಗಿ ಶತಮಾನಗಟ್ಟಲೆ ಅವರು ಗಂಡುಮಕ್ಕಳನ್ನ ಪರದೇಶದ ರಾಜರಿಗೆ ಸಂಬಳದ ಸಿಪಾಯಿಗಳಾಗಿ ಕಳಿಸಿದರು. ಪೋಪ್ ಕಾವಲಿಗೆ 1506ರಿಂದ ಇವತ್ತಿನವರೆಗೂ ನಿಂತಿರೋದು ಅವರೇ.

1781ರಲ್ಲಿ ನ್ಯೂಶಾಟೆಲ್‌ನ ಶಾರ್ಲ್ ಡೇನಿಯಲ್ ಡಿ ಮ್ಯೂರಾನ್ ಅನ್ನೋ ದೊಡ್ಡ ಮನುಷ್ಯ ತನ್ನದೇ ಹೆಸರಲ್ಲಿ ಒಂದು ರೆಜಿಮೆಂಟ್ ಕಟ್ಟಿ ಡಚ್ ಕಂಪನಿಗೆ ಬಾಡಿಗೆಗೆ ಕೊಟ್ಟ. (ನ್ಯೂಶಾಟೆಲ್ ಆಗ ಪ್ರಷ್ಯಾದ ರಾಜನ ಕೈಯಲ್ಲಿತ್ತು. ಸ್ವಿಸ್ ಒಕ್ಕೂಟಕ್ಕೆ ಪೂರ್ತಿಯಾಗಿ ಸೇರಿದ್ದು 1815ರಲ್ಲಿ.) ಪಡೆ ಸಿಲೋನಿಗೆ ಬಂತು. ಡಚ್ಚರು ಸಂಬಳ ಬಾಕಿ ಉಳಿಸಿಕೊಂಡರು. 1795ರಲ್ಲಿ ಸ್ಕಾಟ್ಲೆಂಡಿನ ಪ್ರೊಫೆಸರ್ ಹ್ಯೂ ಕ್ಲೆಗಾರ್ನ್ ಸೀದಾ ಮಾಲೀಕನ ಊರಿಗೇ ಹೋದ. ಬಾಕಿ ನಾವು ಕೊಡ್ತೀವಿ, ಬ್ರಿಟಿಷರ ಕಡೆ ಬನ್ನಿ ಅಂದ. ಒಪ್ಪಂದ ಆಗೇ ಹೋಯ್ತು! ಆ ಸುದ್ದಿಯನ್ನ ಚೀಸ್ ಗಡ್ಡೆಯೊಳಗೆ ಅಡಗಿಸಿ ಕೊಲಂಬೋ ಕೋಟೆಗೆ ಮುಟ್ಟಿಸಿದರು ಅಂತ ಕಥೆಯೂ ಇದೆ. 1796ರಲ್ಲಿ ಕೊಲಂಬೋ ಬಿತ್ತು. ಇನ್ನು ಮೂರೇ ವರ್ಷಕ್ಕೆ ಅದೇ ಪಡೆ ನಮ್ಮ ಕಾವೇರಿ ದಾಟಿತು.

ಆಮೇಲೆ ಆಗಿದ್ದು ನಮ್ಮ ಮನೆ ಬಾಗಿಲಿನ ಚರಿತ್ರೆ. ಐದು ವರ್ಷದ ಹುಡುಗ ಕೃಷ್ಣರಾಜ ಒಡೆಯರ್‌ಗೆ ಪಟ್ಟವಾಯಿತು. ದೊಡ್ಡವನಾದ ಮೇಲೆ ಆತ ತನ್ನ ತಂದೆ ಚಾಮರಾಜ ಒಡೆಯರ್ ಹುಟ್ಟಿದ ಅರಿಕುಠಾರಕ್ಕೆ ಅವರ ಹೆಸರಿಟ್ಟ. ಸಂತೆಮರಹಳ್ಳಿ ಸರ್ಕಲ್ಲಿನಲ್ಲಿ ನಿಂತು 'ಚಾಮರಾಜನಗರ' ಬೋರ್ಡಿನ ಬಸ್ಸಿಗೆ ಕಾಯ್ತೀರಲ್ಲ, ಅವತ್ತು ಕೋಟೆ ಬೀಳದೇ ಇದ್ದಿದ್ರೆ ಆ ಬೋರ್ಡಿನ ಮೇಲೆ ಇನ್ನೂ ಅರಿಕುಠಾರ ಅಂತಲೇ ಇರ್ತಿತ್ತೋ ಏನೋ.

ಗೆದ್ದವರಿಗೂ ಪಟ್ಟಣ ಒಲಿಯಲಿಲ್ಲ. ಜ್ವರ ಹಿಡೀತು. 1809ರಲ್ಲಿ ದಂಡು ಬೆಂಗಳೂರಿಗೆ ಹೋಯಿತು. ಮ್ಯೂರಾನ್ ರೆಜಿಮೆಂಟ್ ಕೊನೆಗೆ ಕೆನಡಾದವರೆಗೂ ಅಲೆದು 1816ರಲ್ಲಿ ಬರಖಾಸ್ತಾಯಿತು. 1859ರಲ್ಲಿ ಸ್ವಿಸ್ ಸರ್ಕಾರವೇ ಈ ಬಾಡಿಗೆ ಸಿಪಾಯಿ ಕಸುಬಿಗೆ ಕಾನೂನಿನ ಕಡಿವಾಣ ಹಾಕಿತು.

ಶ್ರೀರಂಗಪಟ್ಟಣದ ಹೊಳೆ ದಂಡೆಯಲ್ಲಿ ಅವರ ಸ್ಮಶಾನ ಇದೆ. ಅಧಿಕಾರಿಗಳ ಜೊತೆ ಹೆಂಡತಿ ಮಕ್ಕಳೂ ಅಲ್ಲೇ ಮಲಗಿದ್ದಾರೆ. ಪಾಳು ಬಿದ್ದಿದ್ದ ಆ ಗೋರಿಗಳನ್ನ ಸುಮಾರು 2008ರ ಹೊತ್ತಿಗೆ ಡಿ ಮ್ಯೂರಾನ್ ವಂಶದವರು ಬಂದು ದುರಸ್ತಿ ಮಾಡಿಸಿದರು. ನನಗೆ ಅವರ ಮೇಲೆ ಸಿಟ್ಟಿಲ್ಲ, ಹೊಟ್ಟೆಕಿಚ್ಚಿದೆ. ಯಾಕಂದ್ರೆ ಅದೇ ಮೇ 4ರಂದು ಕೋಟೆಯೊಳಗೆ ಸತ್ತ ನಮ್ಮ ಸಾವಿರಾರು ಸಿಪಾಯಿಗಳಲ್ಲಿ ಬಹುಪಾಲು ಜನರಿಗೆ ಕಲ್ಲೂ ಇಲ್ಲ, ಕಲ್ಲಿನ ಮೇಲೆ ಕೆತ್ತಿಸೋಕೆ ಹೆಸರೂ ಉಳಿದಿಲ್ಲ.