ಕರಿಯೋಕಾ ಹೊಳೆಯ ನೀರು

ರಿಯೊ ಡಿ ಜನೈರೊ ನಗರದಲ್ಲಿ ಹುಟ್ಟಿದವರನ್ನು ಬ್ರೆಜಿಲ್‌ನಲ್ಲಿ ‘ಕರಿಯೋಕಾ’ ಎನ್ನುತ್ತಾರೆ. ಮೂಲದಲ್ಲಿ ಅದೊಂದು ಹೊಳೆಯ ಹೆಸರು. ಬೆಟ್ಟದ ಮಗ್ಗುಲಲ್ಲಿ ಹುಟ್ಟಿ ಗ್ವಾನಬಾರಾ ಕೊಲ್ಲಿ ಸೇರುವ ಆ ಹೊಳೆ ಈಗ ಬಹುಪಾಲು ರಸ್ತೆಗಳ ಅಡಿಯಲ್ಲೇ ಹರಿಯುತ್ತದೆ. ದಡದಲ್ಲಿ ಪೋರ್ಚುಗೀಸರು ಕಟ್ಟಿದ ಮನೆಯನ್ನು ನೋಡಿ ತುಪಿ ಭಾಷೆಯ ಮೂಲನಿವಾಸಿಗಳು ‘ಬಿಳಿಯನ ಮನೆ’ ಎಂಬ ಅರ್ಥದಲ್ಲಿ ಹಾಗೆ ಕರೆದರೆಂದು ಹೆಚ್ಚಿನವರ ಅಂಬೋಣ. ‘ಓಕಾ’ ಎಂದರೆ ಮನೆ. ಹೆಸರಿನ ಮೊದಲ ಭಾಗ ಕರಿಜೊ ಎಂಬ ಜನರದ್ದು, ಅಲ್ಲ, ಅಕರಿ ಎಂಬ ಮೀನಿನದು ಎಂದು ವಾದಿಸುವವರೂ ಇದ್ದಾರೆ. ನನ್ನ ಮನಸ್ಸು ಮಾತ್ರ ಆ ಹೊಳೆಯ ನೀರನ್ನು ಹೊತ್ತವರ ಕಡೆಗೇ ಎಳೆಯುತ್ತದೆ.

ನಗರ ನೆಲೆಗೊಂಡದ್ದು 1565ರಲ್ಲಿ. ಕುಡಿಯುವ ನೀರಿನ ಬವಣೆ ನೀಗಲು ಒಂದೂವರೆ ಶತಮಾನ ಹಿಡಿಯಿತು. 1723ರಲ್ಲಿ ಹೊಳೆಯ ನೀರು ಕಾಲುವೆಯಲ್ಲಿ ಊರೊಳಗಿನ ಕಾರಂಜಿ ತಲುಪಿತು. 1750ರ ಹೊತ್ತಿಗೆ 42 ಕಮಾನುಗಳ ಎರಡಂತಸ್ತಿನ ಮೇಲುಗಾಲುವೆ ಎದ್ದು ನಿಂತಿತು. ಇಂದಿನ ‘ಲಾಪಾ ಕಮಾನುಗಳು’ ಅವೇ. 1896ರಿಂದ ಅವುಗಳ ನೆತ್ತಿಯ ಮೇಲೆ ಟ್ರಾಮ್ ಓಡುತ್ತಿದೆ. ಆದರೆ ಕಾರಂಜಿಯಿಂದ ಮನೆಯವರೆಗಿನ ದಾರಿಗೆ ಕಾಲುವೆ ಇರಲಿಲ್ಲ. ಅಲ್ಲಿ ತಲೆಯ ಮೇಲೆ ನೀರಿನ ಪೀಪಾಯಿ ಹೊತ್ತು ನಡೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು.

ಮುಂದೆ ಆ ನೀರಿಗೂ ಕುತ್ತು ಬಂತು. ನಾನು ಮೂಡಿಗೆರೆ ಕಡೆಯವನು, ಮರದ ನೆರಳಲ್ಲಿ ಕಾಫಿ ಬೆಳೆಯುವುದನ್ನೇ ಕಂಡವನು. ಆದರೆ ಆ ಹೊಳೆ ಹುಟ್ಟುವ ತಿಜೂಕಾ ಬೆಟ್ಟಗಳಲ್ಲಿ ಕಾಫಿಗಾಗಿ ಕಾಡನ್ನೇ ಬೋಳಿಸಿದ್ದರು. ಒರತೆಗಳು ಬತ್ತಿದವು. 1861ರಲ್ಲಿ ಚಕ್ರವರ್ತಿ ಎರಡನೇ ಪೆಡ್ರೊ ಮತ್ತೆ ಕಾಡು ಬೆಳೆಸಲು ಆಜ್ಞೆ ಮಾಡಿದ. ಹೊಣೆ ಹೊತ್ತ ಮೇಜರ್ ಆರ್ಚರ್ ಹೆಸರು ಎಲ್ಲೆಡೆ ಸಿಗುತ್ತದೆ. ಗುಂಡಿ ತೋಡಿ ಸಸಿ ನೆಟ್ಟವರು ಬೆರಳೆಣಿಕೆಯ ಗುಲಾಮರು: ಎಲೂಟೇರಿಯೊ, ಕಾನ್ಸ್ಟಾಂಟಿನೊ, ಮರಿಯಾ... ಈ ಹೆಸರುಗಳನ್ನು ಓದಿದಾಗಲೆಲ್ಲ ನನಗೆ ನಮ್ಮ ತೋಟದ ಆಳುಗಳ ನೆನಪಾಗುತ್ತದೆ. ನಮ್ಮ ಆಳುಗಳ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಹೊರಗಿನ ಕೆಲವರಿಗೆ ಕರಿಯೋಕಾ ಎಂದರೆ ಹೊಳೆಯಲ್ಲ, ಕುಣಿತ. ಅದಕ್ಕೆ ಕಾರಣ 1933ರ ಹಾಲಿವುಡ್ ಚಿತ್ರ ‘ಫ್ಲೈಯಿಂಗ್ ಡೌನ್ ಟು ರಿಯೊ’. ಫ್ರೆಡ್ ಆಸ್ಟೇರ್, ಜಿಂಜರ್ ರೋಜರ್ಸ್ ಮೊದಲ ಬಾರಿ ಜೋಡಿಯಾದದ್ದು ಅದರಲ್ಲಿ. ಹಣೆಗೆ ಹಣೆ ತಾಗಿಸಿ ಅವರು ಕುಣಿದ ನೃತ್ಯಕ್ಕೆ ಈ ಹೆಸರಿಟ್ಟರು. ಸೊಗಸಾದ ಕುಣಿತವೇ. ಆದರೆ ಅದು ಸ್ಟುಡಿಯೊದ ಕೂಸು.

ರಿಯೊದ ಸ್ವಂತ ಕುಣಿತವಾದ ಸಾಂಬಾ ಅಷ್ಟರಲ್ಲಾಗಲೇ ಪ್ರಾಸಾ ಓನ್ಸೆ ಚೌಕದ ಸುತ್ತ ಬೇರುಬಿಟ್ಟಿತ್ತು. ಗುಲಾಮಗಿರಿ ರದ್ದಾದದ್ದು 1888ರಲ್ಲಿ; ಅದರ ಹಿಂದೆಮುಂದೆ ಬಹೀಯಾ ಪ್ರಾಂತ್ಯದ ಕಪ್ಪು ಜನರು ಇಲ್ಲಿಗೆ ವಲಸೆ ಬಂದರು. ಸಿಹಿತಿಂಡಿ ಮಾರುತ್ತಿದ್ದ ಸಿಯಾಟಾ ಎಂಬಾಕೆಯ ಮನೆಯಲ್ಲಿ ಸಾಂಬಾ ಕೂಟಗಳು ಸೇರುತ್ತಿದ್ದವು. ಹುಟ್ಟಿನಿಂದ ಆಕೆ ಕರಿಯೋಕಾ ಅಲ್ಲ, ಆದರೂ ಊರು ಆಕೆಯನ್ನು ‘ಟಿಯಾ’, ಅಂದರೆ ಚಿಕ್ಕಮ್ಮ ಎಂದೇ ಕರೆಯಿತು. ಆ ಬಳಗದ ಡೊಂಗಾ 1916ರಲ್ಲಿ ‘ಪೆಲೊ ಟೆಲಿಫೋನ್’ ಹಾಡನ್ನು ನೋಂದಾಯಿಸಿದ. 1932ರಲ್ಲಿ ಅದೇ ಚೌಕದಲ್ಲಿ ‘ಸಾಂಬಾ ಶಾಲೆ’ಗಳ, ಅಂದರೆ ಕಾರ್ನಿವಲ್‌ನಲ್ಲಿ ಮೆರವಣಿಗೆ ಹೊರಡುವ ತಂಡಗಳ, ಮೊದಲ ಸ್ಪರ್ಧೆ ನಡೆದು ಮಾಂಗೇರಾ ಶಾಲೆ ಗೆದ್ದಿತು.

1944ರಲ್ಲಿ ತೆರೆದ ಪ್ರೆಸಿಡೆಂಟ್ ವರ್ಗಸ್ ಹೆದ್ದಾರಿ ಚೌಕವನ್ನು ನುಂಗಿತು. ಈ ಶಾಲೆಗಳ ಮೆರವಣಿಗೆಗೆಂದು 1984ರಲ್ಲಿ ಕಟ್ಟಿದ ಸಾಂಬಾಡ್ರೋಮ್ ಅಲ್ಲಿಗೆ ಹತ್ತಿರದಲ್ಲೇ ಇದೆ. ಸಾಂಬಾ ಶಾಲೆಗಳ ಸ್ಪರ್ಧೆಗೊಂದು ಕಟ್ಟುನಿಟ್ಟಿನ ನಿಯಮ: ಪ್ರತಿ ಶಾಲೆಯ ಮೆರವಣಿಗೆಯಲ್ಲೂ ‘ಬಯಾನಾ’ಗಳು, ಅಂದರೆ ಅಗಲ ಲಂಗ ತೊಟ್ಟು ಗಿರಗಿರನೆ ತಿರುಗುವ ಬಹೀಯಾ ಉಡುಗೆಯ ಹೆಂಗಸರು ಇರಲೇಬೇಕು.