ಸಂಕಲ್ಪಕ್ಕೆ ನೇಮದ ಕಟ್ಟು: ಹಳಕಟ್ಟಿಯವರ ವಚನ ಕಾಯಕ



ಬದುಕಿಗೊಂದು ಗುರಿ ಇರಬೇಕೆಂಬುದನ್ನು ಎಲ್ಲರೂ ಬಲ್ಲರು. ಆದರೆ ಯುಗಾದಿಯಂದು ಮಾಡಿದ ಸಂಕಲ್ಪ ಶ್ರಾವಣ ಬರುವಷ್ಟರಲ್ಲಿ ಮಾಸಿಹೋಗಿರುತ್ತದೆ. ಆಗ ಮನಸ್ಸಿನ ಚಂಚಲತೆಯನ್ನು ಹಳಿಯುವುದು ರೂಢಿ. ಮನಸ್ಸು ಚಂಚಲವೆಂಬುದನ್ನು ಬಲ್ಲ ಶರಣರು ಸಂಕಲ್ಪಕ್ಕೆ ನೇಮದ ಕಟ್ಟನ್ನು ಹಾಕಿದರು. ಶರಣೆ ಅಕ್ಕಮ್ಮನ ವಚನಗಳಲ್ಲಿ ವ್ರತಾಚಾರದ ವಿಚಾರವೇ ಪ್ರಧಾನವಾಗಿದೆ. ಇಂತಹ ನೇಮದ ಬಲವೆಷ್ಟೆಂಬುದಕ್ಕೆ ಇಪ್ಪತ್ತನೆಯ ಶತಮಾನದ ನಿದರ್ಶನ ವಚನ ಪಿತಾಮಹ ಫ.ಗು. ಹಳಕಟ್ಟಿಯವರು.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಮುಂಬಯಿಯಲ್ಲಿ ಶಿಕ್ಷಣ ಪಡೆದು, ವಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ವಕೀಲಿ ವೃತ್ತಿ ಕೈಗೊಂಡರು. ಆ ಕಾಲದಲ್ಲಿ ವಚನಗಳು ಬಹುಮಟ್ಟಿಗೆ ತಾಡೋಲೆಗಳಲ್ಲಿಯೇ ಉಳಿದಿದ್ದವು. ಮಠಗಳಲ್ಲಿಯೂ ಮನೆಗಳ ಜಗುಲಿಯ ಮೇಲೆಯೂ ಅವು ಪೂಜೆಗೊಳ್ಳುತ್ತಿದ್ದವು, ಓದುವವರು ವಿರಳ. ಪೂಜೆಯಿಂದ ಓಲೆ ಉಳಿಯದು. ಹುಳು ತಿಂದ ಗರಿಯೊಡನೆ ಅದರ ಮೇಲಿನ ವಚನವೂ ಅಳಿಯುತ್ತದೆ, ಅದರ ಪ್ರತಿ ಬೇರೆಡೆ ಇಲ್ಲದಿದ್ದರೆ ಶರಣರೊಬ್ಬರ ಹೆಸರೇ ಅಳಿಯುತ್ತದೆ.

ಇದನ್ನರಿತ ಹಳಕಟ್ಟಿಯವರು ತಮ್ಮ ಗುರಿಯನ್ನು ಸ್ಪಷ್ಟಪಡಿಸಿಕೊಂಡರು. ಧರ್ಮಸೇವೆ ಮಾಡಬೇಕೆಂಬ ವಿಶಾಲವಾದ ಆಶಯಕ್ಕೆ ಅವರು ನಿಲ್ಲಲಿಲ್ಲ. ಓಲೆಗಳನ್ನು ಹುಡುಕುವುದು, ನಕಲು ಮಾಡುವುದು, ಪಾಠಗಳನ್ನು ಹೋಲಿಸುವುದು, ಅಚ್ಚು ಹಾಕಿಸುವುದು ಎಂಬ ಕ್ರಮದಲ್ಲಿ ಗುರಿಯು ಕೈಯಿಂದ ಮಾಡಬಹುದಾದ ಕೆಲಸವಾಯಿತು. ಇದರ ಮೊದಲ ದೊಡ್ಡ ಫಲ 'ವಚನಶಾಸ್ತ್ರಸಾರ'. ಮಂಗಳೂರಿನ ಮುದ್ರಣಾಲಯವೊಂದು ಅದರ ಹಸ್ತಪ್ರತಿಯನ್ನು ಹಿಂದಿರುಗಿಸಿತು. ಅವರು ಗುರಿಯನ್ನು ಬಿಡದೆ ದಾರಿಯನ್ನು ಬದಲಿಸಿದರು. 1923ರಲ್ಲಿ ಗ್ರಂಥವು ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದೆ ಇಂತಹ ಅಡಚಣೆ ಬಾರದಿರಲೆಂದು ಇದ್ದ ಮನೆಯನ್ನೇ ಮಾರಿ, 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು.

1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭವಾಯಿತು. ನೇಮದ ಮರ್ಮವಿರುವುದು ಇಲ್ಲಿಯೇ. ಗ್ರಂಥವನ್ನು ಎಂದಾದರೊಂದು ದಿನ ಮುಗಿಸಿದರಾಯಿತೆಂದು ಮುಂದೂಡಬಹುದು. ಪತ್ರಿಕೆಯನ್ನು ಹಾಗೆ ಮುಂದೂಡಲಾಗದು. ಸಂಚಿಕೆಯ ಕಾಲ ಬಂದೊಡನೆ ಪುಟಗಳು ಸಿದ್ಧವಾಗಬೇಕು, ಚಂದಾದಾರರಿಗೆ ತಲುಪಬೇಕು. ಒಂದು ಜನ್ಮಕ್ಕೆ ಮಿಗಿಲೆನಿಸುವ ಕಾರ್ಯವು ಹೀಗೆ ಸಂಚಿಕೆಯಿಂದ ಸಂಚಿಕೆಗೆ ಹಂಚಿಹೋಯಿತು. ಹಣದ ಕೊರತೆ ಬೆನ್ನು ಬಿಡದಿದ್ದರೂ ಆ ಪತ್ರಿಕೆ ಮೂರು ದಶಕಗಳಿಗೂ ಮೀರಿ ನಡೆಯಿತು. ಮೊದಲು ಕೆಲವೇ ವಚನಕಾರರ ಹೆಸರು ತಿಳಿದಿದ್ದ ನಾಡಿಗೆ ಇನ್ನೂರಕ್ಕೂ ಹೆಚ್ಚು ವಚನಕಾರರ ಪರಿಚಯವಾಯಿತು.

ಏಕಾಗ್ರತೆಯೆಂದರೆ ಉಳಿದೆಲ್ಲವನ್ನೂ ತ್ಯಜಿಸುವುದೆಂದು ಭಾವಿಸುವವರೂ ಈ ಜೀವನವನ್ನು ಗಮನಿಸಬೇಕು. ಹಳಕಟ್ಟಿಯವರು ವಕೀಲರಾಗಿದ್ದರು, 1910ರಲ್ಲಿ ವಿಜಾಪುರದಲ್ಲಿ ವಿದ್ಯಾಸಂಸ್ಥೆಯ ಸ್ಥಾಪನೆಗೆ ಕಾರಣರಾದರು, ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು, 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕೆಲಸಗಳು ಅನೇಕವಿದ್ದರೂ ವಚನದ ಕೆಲಸಕ್ಕೆ ಮೀಸಲಾದುದನ್ನು ಬೇರೊಂದಕ್ಕೆ ಬಿಟ್ಟುಕೊಡಲಿಲ್ಲ. ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಮನೆ ಮಾರಿದ ನಿರ್ಧಾರದ ಭಾರವನ್ನು ಅವರ ಕುಟುಂಬವೂ ಹೊತ್ತಿತೆಂಬುದನ್ನು ಮರೆಯಲಾಗದು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಗುರಿಯನ್ನಿಟ್ಟುಕೊಳ್ಳುವ ಭಕ್ತರು ತಮ್ಮನ್ನು ತಾವು ಮೂರು ಮಾತು ಕೇಳಿಕೊಳ್ಳಬೇಕು. ಇಂದು ಮಾಡಬೇಕಾದುದು ಎಷ್ಟು? ಅದು ಯಾವ ದಿನಕ್ಕೆ ಮುಗಿಯಬೇಕು? ಅದಕ್ಕಾಗಿ ಕಾಯುತ್ತಿರುವವರು ಯಾರು? ಮಗುವಿಗೆ ದಿನಕ್ಕೊಂದು ವಚನ ಕಲಿಸುವ ಸಂಕಲ್ಪಕ್ಕೂ ಈ ಮಾತುಗಳು ಅನ್ವಯಿಸುತ್ತವೆ. ಇವಕ್ಕೆ ಉತ್ತರವಿದ್ದರೆ ಚಂಚಲ ಮನಸ್ಸೂ ದುಡಿಯುತ್ತದೆ. ಇಲ್ಲವಾದರೆ ಶ್ರೇಷ್ಠ ಸಂಕಲ್ಪವೂ ಓದದೆ ಪೂಜಿಸಿದ ಓಲೆಯಂತೆ ಜಗುಲಿಯ ಮೇಲೆಯೇ ಸವೆಯುತ್ತದೆ.