ಗೇರು: ಒಂದು ಹೆಸರು, ಎರಡು ಮರ

ಹಳೆಯ ಕನ್ನಡ ಶಾಸ್ತ್ರಗ್ರಂಥವೊಂದರಲ್ಲಿ ‘ಗೇರು’ ಅಥವಾ ‘ಕೇರು’ ಎಂಬ ಪದ ಎದುರಾದಾಗ ಇಂದಿನ ಓದುಗನ ಮನಸ್ಸಿಗೆ ಮೊದಲು ಬರುವುದು ಗೋಡಂಬಿಯ ಮರ. ಇಂಗ್ಲಿಷಿಗೆ ಅನುವಾದಿಸುವವರೂ ಸಹಜವಾಗಿಯೇ ‘ಕ್ಯಾಶ್ಯೂ’ ಎಂದು ಬರೆಯಬಹುದು. ಈ ಓದು ಸಾಧುವಲ್ಲ. ಗೋಡಂಬಿಯ ಮರ ಈಶಾನ್ಯ ಬ್ರೆಜಿಲ್ ಮೂಲದ್ದು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದಿತು. ಕ್ರಿಸ್ತೊವಾವ್ ದ ಕೋಸ್ತ ಎಂಬ ವೈದ್ಯ ಕೊಚ್ಚಿಯ ತೋಟದಲ್ಲಿ ಕಂಡ ಈ ಮರವನ್ನು 1578ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. 11ನೆಯ ಶತಮಾನದ ಚಾವುಂಡರಾಯ ‘ಲೋಕೋಪಕಾರ’ವನ್ನಾಗಲಿ, 14ನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ವನ್ನಾಗಲಿ ರಚಿಸುವಾಗ ಈ ಮರ ನಮ್ಮ ನಾಡಿನಲ್ಲಿರಲಿಲ್ಲ.

ಹಾಗಾದರೆ ಹಳೆಯ ಗೇರು ಯಾವುದು? ಎಲೆಯುದುರುವ ಕಾಡುಗಳಲ್ಲಿ ಬೆಳೆಯುವ, ಸಂಸ್ಕೃತದಲ್ಲಿ ಭಲ್ಲಾತಕವೆನಿಸಿದ ಮರ. ಅದರ ಇನ್ನೊಂದು ಹೆಸರು ‘ಅರುಷ್ಕರ’, ಎಂದರೆ ಹುಣ್ಣು ಮಾಡುವುದು. ಕಾಯಿಯ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟಂತೆ ಬೊಕ್ಕೆಯೇಳುತ್ತದೆ. ಗಾಳಿಗೆ ಕಪ್ಪಾಗುವ ಈ ಎಣ್ಣೆಯನ್ನೇ ಸುಣ್ಣದೊಡನೆ ಬಳಸಿ ಅಗಸರು ಬಟ್ಟೆಗಳಿಗೆ ಅಳಿಸಲಾಗದ ಗುರುತು ಹಾಕುತ್ತಿದ್ದರು.

ಪದದ ಪ್ರಾಚೀನತೆಗೆ ಭಾಷೆಯೇ ಸಾಕ್ಷಿ. ಕನ್ನಡದ ‘ಕೇರು’ ಮಲಯಾಳದಲ್ಲಿ ‘ಚೇರು’. ತಮಿಳಿನಲ್ಲಿ ಈ ಕಾಯಿ ‘ಚೇರಾಂಕೊಟ್ಟೈ’. ನಮ್ಮ ‘ಕಿವಿ’ ತಮಿಳಿನ ‘ಚೆವಿ’ಗೆ, ‘ಕೇರಿ’ ‘ಚೇರಿ’ಗೆ ಸಂವಾದಿಯಾಗುವಂತೆಯೇ ಇಲ್ಲಿಯೂ ಕಕಾರ ಚಕಾರಗಳ ಸಂಬಂಧ ನಿಯತವಾಗಿದೆ. ಪೋರ್ಚುಗೀಸರ ಹಡಗಿನಲ್ಲಿ ಬಂದ ಮರದ ಹೆಸರು ಇಂಥ ಪ್ರಾಚೀನ ಧ್ವನಿನಿಯಮಕ್ಕೆ ಒಳಪಡುವುದು ಸಾಧ್ಯವಿಲ್ಲ. ಆ ಮರದೊಡನೆ ಬಂದ ಹೆಸರು ಬೇರೆಯೇ: ಬ್ರೆಜಿಲಿನ ತುಪಿ ಭಾಷೆಯ ‘ಅಕಾಜು’ ಪೋರ್ಚುಗೀಸಿನಲ್ಲಿ ‘ಕಾಜು’ ಆಗಿ ಕೊಂಕಣಿ, ಮರಾಠಿಗಳಲ್ಲಿ ಉಳಿದಿದೆ.

ಕನ್ನಡಿಗರು ಹೊಸ ಮರಕ್ಕೆ ಹಳೆಯ ಹೆಸರನ್ನೇ ಕೊಟ್ಟುದು ಅಕಾರಣವಲ್ಲ. ಎರಡರಲ್ಲಿಯೂ ತೊಟ್ಟು ಉಬ್ಬಿ ಹಣ್ಣಿನಂತಾಗಿ, ನಿಜವಾದ ಕಾಯಿ ಅದರ ತುದಿಯಲ್ಲಿ ಹೊರಗೇ ನಿಲ್ಲುತ್ತದೆ. ಎರಡರ ಸಿಪ್ಪೆಯಲ್ಲಿಯೂ ಸುಡುವ ಎಣ್ಣೆಯಿದೆ. ಮಲಯಾಳಿಗಳು ಮಾವಿನ ಹೋಲಿಕೆ ಕಂಡು ‘ಪರಂಗಿಮಾವು’ ಎಂದರು. ಸಸ್ಯಶಾಸ್ತ್ರದಲ್ಲಿ ಮಾವು, ಭಲ್ಲಾತಕ, ಗೋಡಂಬಿ ಮೂರೂ ಒಂದೇ ಕುಟುಂಬಕ್ಕೆ ಸೇರಿವೆ.

ಯುರೋಪಿನಲ್ಲಿ ನಡೆದುದೂ ಇದೇ. ಹೃದಯಾಕಾರದ್ದೆಂಬ ಅರ್ಥದ ‘ಅನಕಾರ್ಡಿಯಂ’ ಅಲ್ಲಿನ ಔಷಧ ಮಾರುವವರಿಗೆ ಮೊದಲು ಭಲ್ಲಾತಕದ ಹೆಸರಾಗಿತ್ತು. 1753ರಲ್ಲಿ ಲಿನೇಯಸ್ ಅದನ್ನು ಗೋಡಂಬಿಯ ಕುಲನಾಮವಾಗಿಸಿದ. ಅವನ ಮಗ ಭಲ್ಲಾತಕಕ್ಕೆ ‘ಸೆಮೆಕಾರ್ಪಸ್ ಅನಕಾರ್ಡಿಯಂ’ ಎಂದು ಹೆಸರಿಟ್ಟುದರಿಂದ ಹಳೆಯ ಹೆಸರು ಅಲ್ಲಿ ಬರಿಯ ವಿಶೇಷಣವಾಗಿ ಉಳಿಯಿತು. ಕನ್ನಡದಲ್ಲಿಯೂ ಮೂಲದ ಒಡೆಯನೇ ಈಗ ‘ಕರಿಗೇರು’, ‘ಗುಡ್ಡೆಗೇರು’ ಎಂದು ವಿಶೇಷಣ ಹೊತ್ತು ನಿಲ್ಲಬೇಕಾಗಿದೆ. ‘ಗೋಡಂಬಿ’ಯ ಕಥೆಯೂ ಬೇರೆಯಲ್ಲ: ಮರಾಠಿಯಲ್ಲಿ ಇಂದಿಗೂ ಅದರ ಅರ್ಥ ಭಲ್ಲಾತಕದ ತಿರುಳು.

ಆದುದರಿಂದ ಗ್ರಂಥಸಂಪಾದಕರು ಎರಡು ದೋಷಗಳನ್ನು ತಪ್ಪಿಸಬೇಕು. ಪ್ರಾಚೀನ ಪಾಠದ ಗೇರನ್ನು ಗೋಡಂಬಿಯೆಂದು ಅರ್ಥೈಸುವುದು ಒಂದು. ಗೋಡಂಬಿ ಆಗ ಇರಲಿಲ್ಲವೆಂಬ ಕಾರಣದಿಂದಲೇ ಆ ಪಾಠವನ್ನು ಪ್ರಕ್ಷಿಪ್ತವೆಂದು ತಳ್ಳುವುದು ಇನ್ನೊಂದು. ವೈದ್ಯಗ್ರಂಥಗಳಲ್ಲಿ ಇದು ಕೇವಲ ಪದಾರ್ಥದ ಪ್ರಶ್ನೆಯಲ್ಲ. ಭಲ್ಲಾತಕವನ್ನು ಶೋಧಿಸದೆ ಬಳಸಬಾರದೆಂಬುದು ಆಯುರ್ವೇದದ ನಿಯಮ. ಅನುವಾದದಲ್ಲಿ ಅದು ಗೋಡಂಬಿಯಾಗಿಬಿಟ್ಟರೆ ಆ ಶೋಧನೆಗೆ ಅರ್ಥವೇ ಉಳಿಯದು. 16ನೆಯ ಶತಮಾನಕ್ಕೆ ಹಿಂದಿನ ಪಾಠದಲ್ಲಿ ಗೇರು ಬಂದರೆ ಅದನ್ನು ಭಲ್ಲಾತಕವೆಂದೇ ಗ್ರಹಿಸಬೇಕು; ಅನಂತರದ ಪಾಠಗಳಲ್ಲಿ ಸಂದರ್ಭವನ್ನು ನೋಡಿ ನಿರ್ಣಯಿಸಬೇಕು.